ಇಳಿಜಾರಿನಲ್ಲಿ ಮಾವನ ಪರೀಕ್ಷೆ

ಸ್ವಂತ ಮಾವನನ್ನೇ ಪರೀಕ್ಷೆ ಮಾಡುವ ಗ್ರಹಚಾರ ಯಾವ ಅಳಿಯನಿಗೂ ಬರಬಾರದು, ಅದರಲ್ಲೂ ಮಾವನ ಮನೆಯಲ್ಲೇ ಉಂಡು ಮಲಗುವ ಅಳಿಯನಿಗೆ. ಆದರೆ ಇವನಿಗೆ ಬಂತು. ವಿದ್ಯುತ್ ಕಂಪನಿಯ ವರ್ಕ್‌ಶಾಪಿನಲ್ಲಿ ಡ್ರೈವರುಗಳಿಗೆ ಗಾಡಿ ಕಲಿಸುವವನು ಇವನೊಬ್ಬನೇ. ಗುಡ್ಡದ ಮೇಲಿನ ಟವರುಗಳಿಗೆ ಲೈನ್‌ಮನ್ನುಗಳನ್ನು ಹೊತ್ತು ಹತ್ತಿಳಿಯುತ್ತಿದ್ದ ಹಳೇ ಜೀಪುಗಳು ಗುಜರಿ ಸೇರಿ, ನಾಲ್ಕೂ ಚಕ್ರಕ್ಕೆ ಎಳೆತವಿರುವ ಆಟೋಮ್ಯಾಟಿಕ್ ಗಾಡಿಗಳು ಬಂದಿದ್ದವು. ಇಳಿಜಾರಿನ ಪರೀಕ್ಷೆಯಲ್ಲಿ ಪಾಸಾದವರ ಕೈಗೆ ಗಾಡಿ, ಆಗದವರಿಗೆ ಉಗ್ರಾಣದ ಬಾಗಿಲಲ್ಲೊಂದು ಸ್ಟೂಲು. ಬದುಕಿಡೀ ಸ್ಟಿಯರಿಂಗ್ ಹಿಡಿದ ಮಾವನಿಗೆ ಆ ಸ್ಟೂಲಿನ ಹೆಸರೆತ್ತಿದರೇ ಮೈ ಉರಿಯುತ್ತಿತ್ತು.

ಒಂದು ವಾರದಿಂದ ಅಳಿಯನಿಗೆ ಹಗಲು ಇಳಿಜಾರು, ಸಂಜೆ ಮನೆ. ಎರಡರಲ್ಲಿ ಯಾವುದು ಕಷ್ಟ ಎಂದು ಕೇಳಿದ್ದರೆ ಮನೆ ಎನ್ನುತ್ತಿದ್ದ. ಕಂಡಕಂಡವರನ್ನೆಲ್ಲ ಪಾಸು ಮಾಡುವ ಅಳಿಯಂದಿರಿಗೆ ಮನೆಯವರು ಕಣ್ಣಿಗೆ ಕಾಣುತ್ತಾರೋ ಇಲ್ಲವೋ ಎಂದು ಅತ್ತೆ ಗೋಡೆಗೆ ಹೇಳುವರು. ಹೆಂಡತಿ ಅವನ ಮುಖವನ್ನೇ ನೋಡುವಳು. ಅವನಿಗೆ ಸಾಕುಸಾಕಾಗಿತ್ತು. ಮಾವ ಒಂದು ಸಲ ಚೆನ್ನಾಗಿ ಇಳಿದುಬಿಟ್ಟರೆ ತಾನು ಎರಡು ದಿನ ಮಲಗಿಯೇ ಇರಬೇಕು ಎಂದುಕೊಂಡಿದ್ದ.

ಮೊದಮೊದಲು ಮಾವನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕಿಕೊಂಡು ಹೋಗಿ ಬ್ರೇಕನ್ನೇ ತುಳಿಯುತ್ತಿತ್ತು. ಇಬ್ಬರೂ ಗಾಜಿಗೆ ಹಣೆ ಚಚ್ಚಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪುತ್ತಿತ್ತು. ಕೊನೆಗೆ ಮಾವನೇ ಉಪಾಯ ಕಂಡುಕೊಂಡರು. ಚಪ್ಪಲಿ ಬಿಟ್ಟು ಎಡಗಾಲನ್ನು ಮಡಚಿ ಬಲತೊಡೆಯ ಕೆಳಗೆ ತುರುಕಿ ಕೂತರು. ಅರ್ಧ ಚಕ್ಕಳಮಕ್ಕಳ ಹಾಕಿ ಗಾಡಿ ಓಡಿಸುವವರನ್ನು ಅಳಿಯ ಎಲ್ಲೂ ಕಂಡಿರಲಿಲ್ಲ. ನಗು ಬಂದರೂ ಬೇಡ ಎನ್ನಲಿಲ್ಲ, ಯಾಕೆಂದರೆ ಉಪಾಯ ಫಲಿಸಿತ್ತು.

ಪರೀಕ್ಷೆಯ ದಿನ ಗುಡ್ಡದ ನೆತ್ತಿಯಲ್ಲಿ ಗಾಡಿ ನಿಂತಿತು. ಮುಂದೆ ಸಡಿಲ ಜಲ್ಲಿಯ ಕಡಿದಾದ ದಾರಿ, ಬಲಕ್ಕೆ ಕಂದಕ.

"ಫೋರ್‌ವೀಲ್ ಲೋ ಗೇರ್ ಹಾಕಿ ಮಾವ. ಲಿವರ್‌ನ ಒಂದಕ್ಕೆ ತನ್ನಿ. ಇನ್ನು ಇಂಜಿನ್ನೇ ಹಿಡ್ಕೊಂಡು ಇಳಿಸುತ್ತೆ. ಜಾಸ್ತಿ ಓಡ್ತಿದೆ ಅನ್ಸಿದ್ರೆ ಮಾತ್ರ ಬ್ರೇಕನ್ನ ಹಾಗೇ ಸವರಿ, ತುಳೀಬೇಡಿ."

"ಕ್ಲಚ್ಚೇ ಇಲ್ಲದ್ದನ್ನ ಗಾಡಿ ಅಂತಾರೇನಪ್ಪ," ಎಂದು ಗೊಣಗಿ ಮಾವ ಹೊರಟರು.

ಅರ್ಧ ದಾರಿ ಚೆನ್ನಾಗಿಯೇ ಆಯಿತು. ಆಟೋಮ್ಯಾಟಿಕ್ ಗಾಡಿಯ ಇಂಜಿನ್ ಹಳೇ ಜೀಪಿನಷ್ಟು ಬಿಗಿಯಾಗಿ ಹಿಡಿಯುವುದಿಲ್ಲ, ಮಧ್ಯೆ ಮಧ್ಯೆ ಬ್ರೇಕು ಬೇಕು. ಹಾಗೆ ಬ್ರೇಕು ಬೇಕಾದಾಗಲೆಲ್ಲ ಮಾವ ದಾರಿ ಬಿಟ್ಟು ತಮ್ಮ ಬಲಗಾಲನ್ನು ಬಗ್ಗಿ ನೋಡುತ್ತಿದ್ದರು. ಅಳಿಯನಿಗೆ ಅದು ವಿಚಿತ್ರ ಎನ್ನಿಸುವಷ್ಟರಲ್ಲಿ ಚಕ್ರಗಳು ಕಚ್ಚಿಕೊಂಡು ಗಾಡಿ ಜಾರತೊಡಗಿತು. ಹಿಂಭಾಗ ಕಂದಕದ ಕಡೆಗೆ ತಿರುಗಿತು.

"ಬ್ರೇಕ್ ಬಿಡಿ ಮಾವ."

"ಬಿಟ್ಟಿದೀನಲ್ಲ."

ಬಿಟ್ಟಿರಲಿಲ್ಲ. ಕಾಲು ಪೆಡಲ್ಲಿನ ಮೇಲೆ ಪೂರ್ತಿ ಊರಿಕೊಂಡಿತ್ತು. ಅಳಿಯ ಬಾಗಿ ಅವರ ಮಂಡಿಗೆ ಕೈ ಕೊಟ್ಟು ಕಾಲನ್ನು ಎತ್ತಿದ. ಚಕ್ರಗಳು ಮತ್ತೆ ಉರುಳಿದವು, ಗಾಡಿ ನೆಟ್ಟಗಾಗಿ ತನ್ನ ಪಾಡಿಗೆ ತೆವಳುತ್ತ ಬುಡ ಸೇರಿತು.

ಇಂಜಿನ್ ಆರಿಸಿದ ಮೇಲೂ ಇಬ್ಬರೂ ಇಳಿಯಲಿಲ್ಲ.

"ಕಾಲಿಗೆ ಏನೂ ಗೊತ್ತಾಗಲ್ವಾ?" ಎಂದು ಅಳಿಯ ಕೇಳಿದ.

"ಪಾದ ಇದೆಯೋ ಇಲ್ವೋ ಅಂತಾನೇ ಗೊತ್ತಾಗಲ್ಲ. ಸಕ್ಕರೆ ಕಾಯಿಲೆ ತಾನೆ, ಬೇರೇನು? ಜೀಪಿನ ಪೆಡಲ್ ಕಲ್ಲಿನ ಹಾಗಿತ್ತು, ಮಂಡಿ ಬಲದಲ್ಲಿ ತುಳಿದು ತೂಗಿಸ್ದೆ. ಇದು ಬೆಣ್ಣೆ ಇದ್ದಂಗಿದೆ."

ಅಳಿಯನಿಗೆ ಸಿಟ್ಟು ಬಂತು, ಅದರ ಹಿಂದೆಯೇ ಅಯ್ಯೋ ಎನ್ನಿಸಿತು. ದಿನಾ ಸಂಜೆ ಕೆಲಸ ಮುಗಿಸಿದ ಲೈನ್‌ಮನ್ನುಗಳು ಇವರನ್ನು ನಂಬಿ ಜೀಪಿನ ಹಿಂದಿನ ಸೀಟಿನಲ್ಲಿ ಒಬ್ಬರ ಹೆಗಲಿಗೊಬ್ಬರು ಒರಗಿ ನಿದ್ದೆ ಹೋಗುತ್ತಿದ್ದರು.

"ನಿಮ್ಮನ್ನ ಪಾಸ್ ಮಾಡೋಕಾಗಲ್ಲ ಮಾವ."

"ನಂಗೊತ್ತು." ಮಾವ ಮಡಚಿದ್ದ ಕಾಲನ್ನು ಕೈಯಿಂದಲೇ ಬಿಡಿಸಿಕೊಂಡರು. "ಆದ್ರೆ ಮನೇಲಿ ಕಾಲಿನ ಸುದ್ದಿ ಎತ್ಬೇಡ. ನಿಮ್ಮತ್ತೆ ಅಣ್ಣನ ಕಾಲು ಕತ್ತರಿಸಿದ್ದು ಇದೇ ಕಾಯಿಲೇಲಿ. ಅವ್ನು ಹೋಗೋವರೆಗೂ ಅವಳೇ ನೋಡ್ಕೊಂಡಳು. ಇದು ಕಿವಿಗೆ ಬಿದ್ರೆ ಹಾಸಿಗೆ ಹಿಡೀತಾಳೆ. ಅಳಿಯ ಫೇಲ್ ಮಾಡ್ದ ಅಂತ ಇರ್ಲಿ."

"ಬೈಗುಳ ಯಾರಿಗೆ ಬೀಳುತ್ತೆ ಗೊತ್ತಲ್ಲ?"

"ನಿಂಗೆ. ಗೊತ್ತಿದ್ದೇ ಕೇಳ್ತಿದೀನಿ."

ಒಪ್ಪದೆ ಇರಲು ಅಳಿಯನಲ್ಲಿ ತ್ರಾಣ ಇರಲಿಲ್ಲ. "ನಾಳೆ ನನ್ನ ಜೊತೆ ಡಾಕ್ಟರ ಹತ್ರ ಬರ್ಬೇಕು. ಬರೋದಾದ್ರೆ ನಾನೂ ಬಾಯಿ ಬಿಡಲ್ಲ," ಎಂದ. ಮಾವ ತಲೆಯಾಡಿಸಿದರು.

ಸಂಜೆ ಊಟಕ್ಕೆ ಕೂತಾಗ ಅತ್ತೆ ತಟ್ಟೆಯನ್ನು ಅವನ ಮುಂದೆ ಇಟ್ಟರೋ ಕುಕ್ಕಿದರೋ ಹೇಳುವುದು ಕಷ್ಟ. ಹೆಂಡತಿಯ ಕಣ್ಣು ಅತ್ತು ಊದಿತ್ತು.

"ಯಾರೂ ನೋಡ್ತಿರ್ಲಿಲ್ಲ, ಪಾಸು ಅಂತ ಒಂದು ಮಾತು ಬರೆದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಎಂದಳು. "ನಿಮ್ಮಪ್ಪ ಆಗಿದ್ರೆ ಹೀಗೆ ಮಾಡ್ತಿದ್ರಾ?"

"ಆಗ್ಲೂ ಇದೇ ಮಾಡ್ತಿದ್ದೆ."

"ಸುಳ್ಳು ಹೇಳ್ಬೇಡಿ. ಮಗ ಆದವನು ಹೀಗೆ ಮಾಡಲ್ಲ."

"ಬಿಡೇ, ಎಷ್ಟಾದ್ರೂ ಅಳಿಯ," ಎಂದರು ಅತ್ತೆ.

ಎಲ್ಲರೂ ಮಾವನ ಕಡೆ ನೋಡಿದರು. ಅಳಿಯನೂ ನೋಡಿದ. ತನ್ನ ಪರವಾಗಿ ಒಂದು ಮಾತು, ಗುಟ್ಟು ಬಿಡದ ಹಾಗೆ ಯಾವುದಾದರೂ ಒಂದು ಮಾತು ಬರಬಹುದು ಎಂದು ಅವನು ಕಾದ. ಮಾವ ತುತ್ತು ನುಂಗಿ, ತಟ್ಟೆ ನೋಡುತ್ತ, "ಹೌದು, ಎಷ್ಟಾದ್ರೂ ಅಳಿಯ ಅಲ್ವಾ," ಎಂದರು.

ಇಷ್ಟಕ್ಕೆ ಅವನು ಒಪ್ಪಿಕೊಂಡಿರಲಿಲ್ಲ. ತಟ್ಟೆ ಬಿಟ್ಟು ಎದ್ದು ಕೈ ತೊಳೆದ. ಬಾಗಿಲ ತನಕ ಹೋದವನು ತಿರುಗಿ ನಿಂತ.

"ನಾಳೆ ಬೆಳಿಗ್ಗೆ ಎಂಟಕ್ಕೆ ರೆಡಿ ಇರಿ ಮಾವ. ತಡ ಮಾಡ್ಬೇಡಿ."

"ಆಯ್ತು," ಎಂದರು ಮಾವ, ತಲೆ ಎತ್ತದೆ.

"ನೋಡಿದ್ಯಾ ದರ್ಪ," ಎಂದು ಅತ್ತೆ ಮಗಳಿಗೆ ಹೇಳಿದ್ದು ಅವನಿಗೆ ಕೋಣೆಯೊಳಗೂ ಕೇಳಿಸಿತು.