ನಾಲ್ಕನೆಯ ಡಬ್ಬಿ

"ಇಲ್ಲಿ ನೋಡ್ರಿ ಅತ್ತಿ," ಎಂದು ಗಂಗಾ ಸ್ಕ್ಯಾನಿನ ಕಪ್ಪು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಒಂಬತ್ತು ವರ್ಷದ ಮಗಳು ಶಾಂಭವಿಯ ಮಿದುಳಿನ ಚಿತ್ರ. ಅದರಲ್ಲಿ ಸಾಸಿವೆ ಕಾಳಿನಷ್ಟು ಬಿಳಿ ಚುಕ್ಕೆ, ಸುತ್ತ ಡಾಕ್ಟರಮ್ಮ ಪೆನ್ನಿನಿಂದ ಎಳೆದ ಗೆರೆ.

"ಇಷ್ಟರ ಸಲುವಾಗಿ ಕೂಸಿಗೆ ಫಿಟ್ಸ್ ಬಂತಾ?" ಅತ್ತೆ ಅಯ್ಯಮ್ಮ ಕಣ್ಣು ಕಿರಿದು ಮಾಡಿದಳು.

"ಇದರಿಂದನೇ ಇರಬಹುದು ಅಂತಾರ. ಹುಳದ ತತ್ತಿ ಹೊಟ್ಟಿಗೆ ಹೋಗಿ, ಮರಿ ತಲಿಗೆ ಏರ್ಯಾದಂತ. ಹಂದಿ ಹುಳ."

ಹಂದಿ ಅಂದದ್ದೇ ತಪ್ಪಾಯಿತು. "ನಮ್ಮ ಮನಿತನದಾಗ ಕೋಳಿ ತತ್ತಿ ಸೈತ ಮುಟ್ಟಿದವರಿಲ್ಲ! ಹಂದಿಯಂತ, ಹಂದಿ! ಯಾವಕಿ ಅಕಿ ಡಾಕ್ಟರು?"

ಶಿವಶಿವಾ, ಇವರಿಗೆ ಹೇಗೆ ಹೇಳುವುದು! ಅರೆಬೆಂದ ಹಂದಿ ಮಾಂಸ ತಿಂದವರ ಹೊಟ್ಟೆಯಲ್ಲಿ ಹುಳ ಬೆಳೆಯುತ್ತದೆ. ಅವರು ಕೈ ಸರಿಯಾಗಿ ತೊಳೆಯದಿದ್ದರೆ ಅದರ ತತ್ತಿ ಯಾರ ಬಾಯಿಗಾದರೂ ಹೋಗುತ್ತದೆ, ಹಂದಿ ಮುಟ್ಟದವರ ಬಾಯಿಗೂ. "ಮಾತ್ರೆ ಕೊಡ್ತೀನಿ, ವಾಸಿ ಆಗುತ್ತೆ. ಆದ್ರೆ ಮನೇಲೇ ಯಾರ ಹೊಟ್ಟೇಲಾದ್ರೂ ಹುಳ ಇದ್ರೆ ಮತ್ತೆ ಬರ್ಬೋದು. ಎಲ್ರೂ ಮೋಶನ್ ಟೆಸ್ಟ್ ಮಾಡಿಸ್ಬಿಡಿ," ಎಂದು ಡಾಕ್ಟರಮ್ಮ ನಾಲ್ಕು ಡಬ್ಬಿ ಕೊಟ್ಟಿದ್ದರು.

ಗಂಡ ದತ್ತು ಬೆಂಗಳೂರಿನ ಹೊರಮಾವಿನ ಅಪಾರ್ಟ್‌ಮೆಂಟುಗಳಿಗೆ ಟೈಲ್ಸ್ ಕೂರಿಸುವವನು. ಮಗಳೆಂದರೆ ಪ್ರಾಣ, ತಟ್ಟೆಗೆ ಕೂತರೆ ಮೊದಲ ತುತ್ತು ಅವಳಿಗೇ. ಅವನು ಮಹಾ ಬುದ್ಧಿವಂತನಂತೆ ತೀರ್ಪು ಕೊಟ್ಟ: "ಸೊಪ್ಪಿನಿಂದ ಬಂದದ. ಇಲ್ಲಿ ಸೊಪ್ಪು ಮೋರಿ ನೀರಾಗ ಬೆಳಿತಾರ." ಅಂದಿನಿಂದ ಮನೆಯಲ್ಲಿ ಹಸಿ ಮೆಂತ್ಯ ಸೊಪ್ಪು ಬಂದ್. ಹಸಿ ಸೊಪ್ಪಿಲ್ಲದೆ ರೊಟ್ಟಿ ತಿನ್ನು ಎಂದು ಯಾದಗಿರಿಯ ಮುದುಕಿಗೆ ಹೇಳಿ ನೋಡಿ! ಅಯ್ಯಮ್ಮ ಎಂಟು ದಿನ ಗೊಣಗಿದಳು, ಡಬ್ಬಿಯನ್ನಂತೂ ಮುಟ್ಟಲಿಲ್ಲ.

ಗಂಗಾಳ ತಲೆ ಚಿಟ್ಟು ಹಿಡಿದುಹೋಯಿತು. ಗೋಗರೆದಳು, ಜಗಳಾಡಿದಳು, ಎರಡು ಹೊತ್ತು ಊಟ ಬಿಟ್ಟಳು. ಕೊನೆಗೆ ಶಾಂಭವಿಯೇ, "ಆಯಿ, ನಾ ಮತ್ತ ಸಾಲ್ಯಾಗ ಬಿದ್ರ ಎಲ್ಲಾರೂ ನಗ್ತಾರ," ಅಂದಾಗ ಮುದುಕಿ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೋದಳು.

ಭಾನುವಾರ ಮೂರು ಜನರ ರಿಪೋರ್ಟ್ ಬಂತು. ಯಾರಿಗೂ ಏನೂ ಇಲ್ಲ. ನಾಲ್ಕನೆಯ ಡಬ್ಬಿ, ದತ್ತುವಿನ ಹೆಸರು ಬರೆದದ್ದು, ಕನ್ನಡಿಯ ಹಿಂದೆ ಖಾಲಿ ಕೂತಿತ್ತು.

"ಏನ್ರಿ ಇದು? ನಿಮಗೇನು ಕೊಂಬು ಬಂದಾವ?"

"ನಾಳಿ ಕೊಡ್ತೀನಿ ಅಂದೆನಲ್ಲ."

"ಹತ್ತು ದಿನದಿಂದ ನಾಳಿನೇ ಆಗ್ಯಾದ! ಹುಡುಗಿ ತಲಿ ಒಳಗಿಂದು ಫೋಟೋ ತಗದಾರ, ನಿಮಗ ಹೊಟ್ಟಿ ತೋರಸಾಕ ನಾಚಿಕಿ?"

ದತ್ತು ಬಾಗಿಲ ಕಡೆ ನೋಡಿದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ತಾಯಿಯ ಕಡೆ ನೋಡಲಿಲ್ಲ.

"ಸೈಟಿನ್ಯಾಗ ಹುಡುಗರು ಮಾಡ್ತಾರ. ಮೂರು ಇಟ್ಟಂಗಿ ಇಟ್ಟು, ಅರ್ಧಂಬರ್ಧ ಬೇಯಿಸಿ. ನಾನೂ ತಿಂದೀನಿ."

"ಏನು?"

"ಹಂದಿ. ಭಾಳ ಸಲ."

ಕೈಯಲ್ಲಿದ್ದ ರಿಪೋರ್ಟುಗಳನ್ನು ಅವನ ಮುಖಕ್ಕೆ ಎಸೆಯಬೇಕೆನಿಸಿತು ಗಂಗಾಳಿಗೆ. ಸೊಪ್ಪಂತೆ, ಮೋರಿ ನೀರಂತೆ! ಅತ್ತೆ ಈಗ ಸೂರು ಹಾರುವ ಹಾಗೆ ಕೂಗಾಡುತ್ತಾಳೆ ಅಂದುಕೊಂಡಳು. ಅಯ್ಯಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಮಗನನ್ನೇ ನೋಡಿದಳು.

"ನನ್ನ ಸೊಪ್ಪು ಬಂದ್ ಮಾಡಿಸಿದೆಲ್ಲೋ," ಎಂದಳು, ಅಷ್ಟೇ. ಆಮೇಲೆ ಎಲ್ಲರ ತಟ್ಟೆಗೂ ರೊಟ್ಟಿ ಹಾಕಿದಳು.

ಗಂಗಾ ಡಬ್ಬಿಯನ್ನು ತಂದು ಗಂಡನ ತಟ್ಟೆಯ ಪಕ್ಕದಲ್ಲೇ ಕುಕ್ಕಿದಳು. ಅಂಗಳದಲ್ಲಿ ಆಡುತ್ತಿದ್ದ ಶಾಂಭವಿ ಓಡಿ ಬಂದು, ದಿನದ ಹಾಗೆ ಅಪ್ಪನ ಎದುರು ಕೂತು ಬಾಯಿ ತೆರೆದಳು. ದತ್ತು ರೊಟ್ಟಿ ಮುರಿದ. ಪಲ್ಯಕ್ಕೆ ಅದ್ದಿದ. ಅರ್ಧಕ್ಕೆ ಎತ್ತಿದ ಕೈ ಅಲ್ಲೇ ನಿಂತಿತು. ಉಗುರಿನ ಸಂದಿಯಲ್ಲಿ ಸಿಮೆಂಟಿನ ಬೂದುಗೆರೆ ಇತ್ತು. ಅವನು ತುತ್ತನ್ನು ತಟ್ಟೆಗೆ ವಾಪಸ್ಸಿಟ್ಟ.

"ನಿನ್ನ ಕೈಲೇ ತಿನ್ನವ್ವ," ಎಂದ.

ಶಾಂಭವಿ ಬಾಯಿ ತೆರೆದುಕೊಂಡೇ ಕೂತಿದ್ದಳು.