ಟಿಣ್ಣೆನ್ನದ ಬಾಟಲಿಗಳು

ಮತ್ತೆ ಏನೋ ಗೀಚಿಕೊಂಡಳು, ನಾನು ಗಾಜಿನ ಬಾಟಲಿ ಕೆಳಗಿಟ್ಟರೆ ಸಾಕು ಅವಳ ಪೆನ್ನು ಓಡುತ್ತದೆ, ಮೂರು ದಿನದಿಂದ ನನ್ನ ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಿದ್ದಾಳೆ ಈ ಹೊಸ ಹುಡುಗಿ, ನನ್ನ ತಲೆಯ ಮೇಲೊಂದು ಕ್ಯಾಮೆರಾ, ಮೊಣಕೈ ಹತ್ತಿರ ಮೈಕು, ಅಕ್ಕಾ, ನಾನಿಲ್ಲಿ ಇಲ್ಲ ಅಂದ್ಕೊಳ್ಳಿ ಅನ್ನುತ್ತಾಳೆ, ಹೇಗೆ ಅಂದುಕೊಳ್ಳಲಿ, ನಾನೇನು ಕಲ್ಲೇ — ಬೆಳಕಿಗೆ ಹಿಡಿ, ತಿರುಗಿಸು, ಉಗುರಿನಿಂದ ತಟ್ಟು, ಒಳ್ಳೆಯದಾದರೆ ಟಿಣ್ಣೆನ್ನುತ್ತದೆ, ಸೀಳು ಬಿಟ್ಟಿದ್ದರೆ ಸತ್ತ ಸದ್ದು, ಹತ್ತೊಂಬತ್ತು ವರ್ಷ ಈ ಉಗುರೇ ಅನ್ನ ಹಾಕಿದ್ದು, ಈಗ ಅದನ್ನು ಯಂತ್ರಕ್ಕೆ ಕಲಿಸಿಕೊಡಬೇಕಂತೆ. ನಿಮ್ಮ ಕೆಲಸ ಹಗುರ ಆಗತ್ತಮ್ಮ ಎಂದು ನಕ್ಕರು ಮ್ಯಾನೇಜರು, ಹಿಂದೆಂದೂ ನಕ್ಕವರಲ್ಲ, ಅತಿ ವಿನಯಂ ಧೂರ್ತ ಲಕ್ಷಣಂ. ಬ್ಯಾಂಕಿನಲ್ಲಿ ಭಾವನಿಗೂ ಹೀಗೇ ಹೇಳಿದ್ದರು, ಮಷೀನಿನ ಪಕ್ಕ ನಿಂತು ಗಿರಾಕಿಗಳಿಗೆ ಕಲಿಸಿ ಸಾಕು ಅಂತ, ಎಲ್ಲರೂ ಕಲಿತ ಮೇಲೆ ಕೌಂಟರೂ ಇಲ್ಲ ಭಾವನೂ ಇಲ್ಲ, ನೂಲಿನ ಮಿಲ್ಲು ಮುಚ್ಚಿದಾಗಿನಿಂದ ನಮ್ಮ ಯಜಮಾನರು ಮನೆಯಲ್ಲೇ, ನಾಲ್ಕು ಹೊಟ್ಟೆಗೆ ಇದೊಂದೇ ಉಗುರು. ಇನ್ನು ನಾದಿನಿ, ಆಚೆ ಟೇಬಲ್ಲಿನಲ್ಲಿ ಪೆಟ್ಟಿಗೆ ತುಂಬುವವಳು, ನಿನ್ನೆ ಈ ಹುಡುಗಿಯ ಜೊತೆ ಟೀ ಕುಡಿಯುತ್ತಿದ್ದಳು, ನನ್ನನ್ನು ಕಂಡು ಮಾತು ನಿಲ್ಲಿಸಿದಳು, ಏನೇ ಅಂದರೆ ಏನಿಲ್ಲ ಅತ್ತಿಗೆ, ಸುಮ್ನೆ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನನ್ನ ಜಾಗದ ಮೇಲೆ ಕಣ್ಣಿಟ್ಟಿರಬೇಕು, ಮನೆಯವರನ್ನೂ ನಂಬುವಂತಿಲ್ಲ.

ಅದಕ್ಕೇ ಬೆಳಿಗ್ಗೆಯಿಂದ ಆಗೊಂದು ಈಗೊಂದು ಸೀಳು ಬಾಟಲಿಯನ್ನು ಒಳ್ಳೆಯದರ ಸಾಲಿಗೆ ತಳ್ಳುತ್ತಿದ್ದೇನೆ, ಕಲಿಯಲಿ ಯಂತ್ರ, ತಪ್ಪನ್ನೇ ಸರಿ ಎಂದು ಕಲಿಯಲಿ, ಆಮೇಲೆ ನನ್ನನ್ನೇ ಹುಡುಕಿಕೊಂಡು ಬರಬೇಕು, ಹೇಗೂ ಪ್ಯಾಕಿಂಗಿಗೆ ಮುಂಚೆ ಇನ್ನೊಬ್ಬರು ನೋಡುತ್ತಾರಲ್ಲ, ಯಾವತ್ತೂ ನೋಡುತ್ತಾರೆ — ನಾದಿನಿ ಬರುತ್ತಿದ್ದಾಳೆ, ಕೈಯಲ್ಲಿ ಖಾಲಿ ಟ್ರೇ, ಮುಖ ಅರಳಿದೆ, ಯಾಕೆ ಅರಳಿದೆ. ಅತ್ತಿಗೆ, ನಿಮ್ಮ ಬಾಟಲಿಗಳನ್ನ ಇವತ್ತಿಂದ ಎರಡನೇ ಸಲ ನೋಡೋದೇ ಬೇಡ ಅಂದ್ರು ಮ್ಯಾನೇಜರು, ನಾನೇ ಆ ಹುಡುಗಿಗೆ ಹೇಳಿದ್ದು, ನಮ್ಮತ್ತಿಗೆ ಕೈ ದಾಟಿದ್ದರಲ್ಲಿ ತಪ್ಪೇ ಇರಲ್ಲ, ಅವರನ್ನ ಮಾತ್ರ ತೆಗೀಬೇಡಿ ಅಂತ. ಎಲ್ಲಾ ಲಾರಿಗೆ ಹೋಯ್ತು. ಯಾವ ಲಾರಿಗೆ ಎಂದು ಕೇಳಬೇಕಾಗಿಲ್ಲ, ಮಕ್ಕಳ ಕೆಮ್ಮಿನ ಸಿರಪ್ಪಿನವರದು — ಸುಳ್ಳು ಹೇಳುತ್ತಿದ್ದಾಳೆಯೇ, ನನ್ನ ಬಾಯಿ ಬಿಡಿಸಲು ಇವಳನ್ನು ಕಳಿಸಿರಬಹುದೇ, ಇಲ್ಲ, ಕಣ್ಣಲ್ಲಿ ನೀರಿದೆ, ಸಂತೋಷದ್ದು, ನಾನೆಂಥ ಪಾಪಿ, ಹೊರಗೆ ಎಂಜಿನ್ ಶುರುವಾಯಿತು, ಕೂಗಬೇಕು, ನಿಲ್ಲಿಸಿ ಅನ್ನಬೇಕು, ಅಂದರೆ ಯಾಕೆ ಅನ್ನುತ್ತಾರೆ, ಯಾಕೆ ಅಂತ ಹೇಳಿದರೆ ನನ್ನನ್ನೂ ನಾದಿನಿಯನ್ನೂ ಮನೆಗೆ ಕಳಿಸುತ್ತಾರೆ, ಯಾವುದೋ ತಾಯಿ ಮುಚ್ಚಳ ತಿರುವುತ್ತಾಳೆ, ಚಮಚ ತುಂಬುತ್ತಾಳೆ, ಗೇಟು ತೆಗೆದ ಸದ್ದು, ನಾಲ್ಕು ಹೊಟ್ಟೆ, ನಾದಿನಿಯೂ ಸೇರಿದರೆ ಐದು, ಚಮಚ, ಹುಡುಗಿ ಪೆನ್ನೆತ್ತಿ ನನ್ನ ಬಾಯನ್ನೇ ನೋಡುತ್ತಿದ್ದಾಳೆ, ಬಾಯಿ ತೆರೆದಿದೆ, ಆ ತಾಯಿಯ ಮಗುವೂ ಬಾಯಿ ತೆರೆದಿದೆ, ಆ ಅನ್ನು ಕಂದ, ಚಮಚ, ಚಮಚದಲ್ಲಿ ಹೊಳೆಯುವ ಒಂದು ಚೂರು, ಚಮಚ