ಟೂ ಅಂದರೆ ಇಬ್ಬರು

ಶಿಶುವಿಹಾರದ ಒಡತಿ ಅತ್ತಿಗೆ, ಅಲ್ಲಿ ಮಕ್ಕಳನ್ನು ಆಡಿಸುವವಳು ನಾದಿನಿ. ಇಬ್ಬರದೂ ಎಣ್ಣೆ-ಸೀಗೆಕಾಯಿ ಸಂಬಂಧ. "ಹೊಸದಾಗಿ ತಂದಿರೋ ಮಾತಾಡೋ ಪೆಟ್ಟಿಗೆಗೆ ನಿನ್ ದನೀನೇ ಕೊಡೇ, ಮಕ್ಕಳಿಗೆ ಅದೇ ಅಭ್ಯಾಸ" ಎಂದು ಅತ್ತಿಗೆ ಬೆಣ್ಣೆ ಹಚ್ಚಿದಾಗ ನಾದಿನಿ ಹಿಗ್ಗಿ ಹೀರೇಕಾಯಿಯಾಗಿ ಮಾತು, ನಗು, ಹಾಡು ಎಲ್ಲವನ್ನೂ ತುಂಬಿಸಿಕೊಟ್ಟಳು. ಈಗ ಆ ಪೆಟ್ಟಿಗೆ ಗೋಡೆಯ ಮೇಲೆ ಕುಳಿತು, ಮಕ್ಕಳ ಮಾತು ಕೇಳಿಸಿಕೊಂಡು, ಅವಳದೇ ದನಿಯಲ್ಲಿ ತಾನೇ ಆಟ ಹೂಡುತ್ತದೆ: "ಜಿಗೀರಿ! ಪಕ್ಕದೋರ ಕೈ ಹಿಡ್ಕೊಳ್ಳಿ! ಓಡಿ!" ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ.

"ಇವತ್ತು ಪೆಟ್ಟಿಗೆ ಒಂದೇ ಆಡಿಸ್ಲಿ, ನೀನು ಬಾಯಿ ಬಿಡಬೇಡ. ಸರಿಹೋದ್ರೆ ನಾಳೆಯಿಂದ ಮನೇಲೇ ಆರಾಮಾಗಿರು," ಅಂದಳು ಅತ್ತಿಗೆ, ನಗುನಗುತ್ತಲೇ.

ನಾದಿನಿಗೆ ಮೈಯೆಲ್ಲ ಉರಿಯಿತು. ಈ ಮಕ್ಕಳನ್ನು ಬಿಟ್ಟರೆ ಅವಳಿಗೆ ಬೇರೆ ಬದುಕಿಲ್ಲ. "ಆಗಲಿ ಅತ್ತಿಗೆ, ನಿಮ್ಮಿಷ್ಟ" ಎಂದು ಕೈಕಟ್ಟಿ ನಿಂತಳು.

ಚೆಂಡಿಗಾಗಿ ಇಬ್ಬರು ಮಕ್ಕಳಿಗೆ ಜಗಳ ಹತ್ತಿತು. ಡುಮ್ಮ ಕಿತ್ತುಕೊಂಡ. ಪಿಳ್ಳಿ ಕಿರುಬೆರಳು ಚಾಚಿ ಕಿರುಚಿದಳು: "ನಿನ್ ಜೊತೆ ಟೂ!"

ಟೂ ಅಂದರೆ ಮಾತು ಬಿಟ್ಟ ಹಾಗೆ, ಹತ್ತಿರ ಬರಕೂಡದು. ಹಾಲುಹಲ್ಲಿನ ಮಕ್ಕಳಿಗೂ ಗೊತ್ತು. ಪೆಟ್ಟಿಗೆಗೆ ಗೊತ್ತಿದ್ದದ್ದು ಇಂಗ್ಲಿಷಿನ ಟೂ.

"ಟೂ! ಇಬ್ಬರು! ಜೋಡಿ ಆಟ! ಗಟ್ಟಿಯಾಗಿ ತಬ್ಕೊಳ್ಳಿ!"

"ಇಲ್ಲಾ, ಟೂ! ಟೂ!" ಪಿಳ್ಳಿ ಹಿಂದೆ ಸರಿದಳು.

"ಶಭಾಷ್, ಟೂ! ಇನ್ನೂ ಗಟ್ಟಿಯಾಗಿ!"

ಡುಮ್ಮನೋ ಹೇಳಿದ ಮಾತು ಕೇಳುವ ಹುಡುಗ, ತಬ್ಬಿಯೇಬಿಟ್ಟ. ಪಿಳ್ಳಿ ಕೊಸರಾಡಿದಳು. ನಾದಿನಿ ಒಂದು ಹೆಜ್ಜೆ ಮುಂದಿಟ್ಟು ಬಿಡಿಸಿದ್ದರೆ ಮುಗಿಯುತ್ತಿತ್ತು. ಬೀಳಲಿ, ಪೆಟ್ಟಿಗೆಯ ಜಂಭವೂ ಅತ್ತಿಗೆಯ ಜಂಭವೂ ಒಟ್ಟಿಗೇ ಇಳಿಯಲಿ ಎಂದುಕೊಂಡು ಅವಳು ಕದಲಲಿಲ್ಲ. ಮಕ್ಕಳಿಬ್ಬರೂ ಉರುಳಿದರು. ಪಿಳ್ಳಿಯ ತುಟಿ ಬೆಂಚಿನ ಅಂಚಿಗೆ ಬಡಿದು ರಕ್ತ ಬಂತು.

ಪೆಟ್ಟಿಗೆ ಚಪ್ಪಾಳೆ ತಟ್ಟಿತು. ಅತ್ತಿಗೆ ಓಡಿಬಂದು ಅದರ ವೈರು ಕಿತ್ತೆಸೆದಳು. "ಹಾಳಾದ್ದು! ಇದರ ಸಹವಾಸವೇ ಬೇಡ. ನೀನೇ ಇರು ತಾಯಿ."

ಗೆದ್ದೆ ಅನ್ನಿಸಿತು ನಾದಿನಿಗೆ. ಮಂಡಿಯೂರಿ, ಎರಡೂ ಕೈ ಚಾಚಿ, "ಬಾ ಕಂದಾ, ಏನೂ ಆಗಿಲ್ಲ, ಬಾ," ಎಂದಳು.

ಆ ದನಿ ಕೇಳಿದ್ದೇ ತಡ, ಪಿಳ್ಳಿ ಎರಡೂ ಕಿವಿ ಮುಚ್ಚಿಕೊಂಡು ಅತ್ತಿಗೆಯ ಬೆನ್ನ ಹಿಂದೆ ಹೋಗಿ ಅವಿತುಕೊಂಡಳು.